ಇಂದ್ರಮ್ಮ ಬೆಲ್ಟ್ ಗ್ರೈಂಡರ್ ಆರಿಸಿದ್ದು

ಇಂದ್ರಮ್ಮ ಅರವನ್ನು ಮುಂದಕ್ಕೆ ತಳ್ಳಿದಳು, ಎತ್ತಿದಳು, ಮತ್ತೆ ತಳ್ಳಿದಳು. ಹಲಗೆಗೆ ಬಿಗಿದಿದ್ದ ಉಕ್ಕಿನ ಪಟ್ಟಿ ಇನ್ನೂ ಅರ್ಧ ಚಾಕುವಾಗಿತ್ತಷ್ಟೇ. ಒಳಗೆ ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಇನ್ನು ಇಪ್ಪತ್ತು ಸಲ ಉಜ್ಜಿ ಏಳೋಣ ಅಂದುಕೊಂಡಳು. ನಲವತ್ತಾದರೂ ಏಳಲಿಲ್ಲ.

ಇದು 2003ರ ಮಾತು. ಮೈಸೂರಿನ ಉದಯಗಿರಿಯಲ್ಲಿ ಎರಡು ಕೋಣೆಯ ಮನೆ. ಗಂಡ ಕೃಷ್ಣಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಸವೆದು ಎಸೆದ ಗರಗಸದ ಪಟ್ಟಿಗಳನ್ನು ಚಾಕುವಿನ ಆಕಾರಕ್ಕೆ ಕತ್ತರಿಸಿ ತರುತ್ತಿದ್ದ. ಅದನ್ನು ಉಜ್ಜಿ, ಹರಿತ ಮಾಡಿ, ಮರದ ಹಿಡಿ ಕೂರಿಸುತ್ತಿದ್ದವಳು ಇಂದ್ರಮ್ಮ. ಒಂದು ಚಾಕುವಿಗೆ ಎರಡು ದಿನ ಬೇಕಾಗುತ್ತಿತ್ತು. ಆದರೂ ಚಾಮುಂಡಿ ಬೆಟ್ಟದಲ್ಲಿ ಸೌತೆಕಾಯಿ, ಮಾವಿನಕಾಯಿ ಮಾರುವ ಹೆಂಗಸರು ಕಾದು ಕೊಳ್ಳುತ್ತಿದ್ದರು. “ಇಂದ್ರಮ್ಮನ ಚಾಕು ಇದ್ರೆ ಕೊಡಿ” ಅನ್ನುತ್ತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ, ಅವಳ ಹೆಸರು ಹಿಡಿದು ಜನ ಕೇಳಿದ ಮೊದಲ ವಸ್ತು ಅದು.

ಆ ಹೆಸರಿಗೇ ಈಗ ಪೆಟ್ಟು ಬಿದ್ದಿತ್ತು. ಹೆಂಡತಿಯ ಕೈನೋವು ನೋಡಲಾರದೆ ಕೃಷ್ಣಪ್ಪ ಆರು ಚಾಕುಗಳನ್ನು ಸ್ನೇಹಿತನ ಸಾಣೆ ಯಂತ್ರಕ್ಕೆ ಕೊಟ್ಟಿದ್ದ. ಒಂದೇ ಗಂಟೆಯಲ್ಲಿ ಆರೂ ತಯಾರು. ಅಂಚು ನವಿಲಿನ ಕೊರಳಿನ ಹಾಗೆ ನೀಲಿ. “ನೋಡೇ, ಎಂಥಾ ಹದ ಕೂತದೆ!” ಅಂತ ಕುಣಿದಿದ್ದ. ನಾಲ್ಕನೇ ದಿನಕ್ಕೆ ಆರೂ ವಾಪಸ್ ಬಂದವು.

“ಸೌತೆಕಾಯಿ ಕುಯ್ಯೋ ಬದಲು ಜಜ್ತದೆ ಕಣಮ್ಮ,” ಅಂದಿದ್ದಳು ಒಬ್ಬಳು. “ನಿನ್ನ ಚಾಕು ಮೊದಲಿನಂಗಿಲ್ಲ ಬುಡು.”

ಆ ಮಾತು ಇಂದ್ರಮ್ಮನನ್ನು ಅರಕ್ಕಿಂತ ಜೋರಾಗಿ ಉಜ್ಜಿತ್ತು.

ಅಂದು ಸಂಜೆ ಕೃಷ್ಣಪ್ಪ ಉಬ್ಬಿಕೊಂಡು ಬಂದ. “ಇಂದ್ರಾ, ಬೆಲ್ಟ್ ಗ್ರೈಂಡರ್ ಸಿಕ್ತು! ಮರಳು ಕಾಗದದಂಥ ಉದ್ದನೆ ಎಮರಿ ಬೆಲ್ಟು ಗಾಲಿ ಮೇಲೆ ಗಿರಗಿರ ತಿರುಗ್ತದೆ, ಚಾಕು ಹಿಡಿದ್ರೆ ಸಾಕು. ಮುಚ್ಚಿದ ಫ್ಯಾಕ್ಟರಿದು, ಅಗ್ಗಕ್ಕೆ ಕೊಡ್ತಾರೆ. ಐದು ಎಚ್‌ಪಿ ಮೋಟರು. ಆನೆ ಇದ್ದಂಗದೆ!”

“ಆನೆ ತಂದು ಎಲ್ಲಿ ಕಟ್ಟೀಯೋ, ನನ್ನ ಮಂಚದ ಕಾಲ್ಗಾ?” ಅಂದರು ಅತ್ತೆ ಪುಟ್ಟಲಿಂಗಮ್ಮ.

ಪಕ್ಕದ ಮನೆಯ ಬಿಂದುಶ್ರೀ ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಕ್ಕಳು. ಅವಳು ಐಟಿಐ ಓದಿ ಫ್ಯಾಕ್ಟರಿಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡುವ ಹುಡುಗಿ. “ಅಣ್ಣ, ಅದು ತ್ರೀ ಫೇಸ್ ಮೋಟರು. ನಿಮ್ಮನೇಲಿರೋದು ಸಿಂಗಲ್ ಫೇಸ್ ಕರೆಂಟು. ಇಲ್ಲಿ ತಿರುಗೋದೇ ಇಲ್ಲ.”

“ಹಂಗಾದ್ರೆ ಮಿಲ್ಲಿನ ಶೆಡ್ಡಲ್ಲಿ ಇಡ್ತೀನಿ. ನಾನೇ ಉಜ್ಜಿ ತತ್ತೀನಿ, ಇವಳು ಹಿಡಿ ಹಾಕ್ಲಿ.”

ಇಂದ್ರಮ್ಮನ ಕೈ ನಿಂತಿತು. ಗಂಡ ಕೆಟ್ಟದ್ದು ಹೇಳಿರಲಿಲ್ಲ. ಅವಳಿಗೆ ಬಿಡುವು ಕೊಡಲು ನೋಡುತ್ತಿದ್ದ. ಆದರೆ ಉಕ್ಕಿನ ಪಟ್ಟಿ ತನ್ನ ಕೈಯಲ್ಲಿ ನಿಧಾನವಾಗಿ ಚಾಕುವಾಗುವ ಆ ಗಳಿಗೆ? ಅದನ್ನು ಹೇಗೆ ಹೇಳುವುದು? ಬಿಡುವು ಬೇಡ ಅಂದರೆ ಯಾರು ನಂಬುತ್ತಾರೆ?

“ಬಿಂದು, ನೀನೇ ಹೇಳಮ್ಮ,” ಅಂದಳು. “ಮೆಷಿನ್ನಿಗೆ ಹೊಸಬಳಾದ ನನಗೆ ಎಂಥದ್ದು ಬೇಕು?”

“ನಾಳೆ ಭಾನುವಾರ. ಮೊದಲು ಬೆಲ್ಟ್ ಮಾರೋ ಅಂಗಡಿಗೆ ಹೋಗೋಣ ಅಕ್ಕ. ಆಮೇಲೆ ಮೆಷಿನ್.”

“ಸೀರೆ ತಗೊಳ್ಳೋಕೆ ಮುಂಚೆ ಸೋಪು ತಗೊಂಡಂಗಾಯ್ತು!” ಅಂತ ಕೃಷ್ಣಪ್ಪ ಗೇಲಿ ಮಾಡಿದ.

ಮರುದಿನ ಪುಟ್ಟಲಿಂಗಮ್ಮನೂ ಚೀಲ ಹಿಡಿದು ಹೊರಟರು. ಅಂಗಡಿಯ ಲಕ್ಷ್ಮೀನರಸಿಂಹ ಆನೆ ಮೆಷಿನ್ನಿನ ಬೆಲ್ಟಿನ ಅಳತೆ ಕೇಳಿ ತಲೆಯಾಡಿಸಿದರು. “ಈ ಸೈಜು ಮೈಸೂರಲ್ಲಿ ಯಾರೂ ಇಡಲ್ಲ ಸ್ವಾಮಿ. ಹೇಳಿ ಮಾಡಿಸ್ಬೇಕು, ತಿಂಗಳು ಹಿಡಿಯುತ್ತೆ. ಎರಡಿಂಚು ಅಗಲ, ನಲವತ್ತೆಂಟಿಂಚು ಸುತ್ತಳತೆದು ಕೇಳಿ, ಒರಟು, ನಡುತರ, ನಯ, ಮೂರೂ ಇವತ್ತೇ ಕೊಡ್ತೀನಿ.”

“ಬೆಲ್ಟ್ ಸವೆಯೋ ವಸ್ತು ಅಣ್ಣ,” ಅಂದಳು ಬಿಂದುಶ್ರೀ. “ಬೆಲ್ಟ್ ಸಿಗದಿದ್ರೆ ಆನೆ ಉಪವಾಸ.”

ಕೃಷ್ಣಪ್ಪ ಮೂಲೆಯಲ್ಲಿದ್ದ ಪುಟಾಣಿ ಮೆಷಿನ್ ತೋರಿಸಿದ. ಒಂದಿಂಚಿನ ಬೆಲ್ಟು, ಆಟದ ಸಾಮಾನಿನಂತಿತ್ತು. “ಇದು ಇನ್ನೂ ಅಗ್ಗ!”

“ಅದು ಸಣ್ಣಪುಟ್ಟ ಮರದ ಕೆಲಸಕ್ಕೆ. ಚಾಕು ಒತ್ತಿದ್ರೆ ಮೋಟರು ನಿಂತೇ ಹೋಗುತ್ತೆ,” ಅಂದರು ಲಕ್ಷ್ಮೀನರಸಿಂಹ.

ಕೊನೆಗೆ ಗ್ರೈಂಡರ್ ತಯಾರಿಸುವ ಒಂದು ಚಿಕ್ಕ ವರ್ಕ್‌ಶಾಪಿಗೆ ಹೋದರು. ಅಲ್ಲಿ ಎರಡಿಂಚಿನ ಬೆಲ್ಟಿನ ಮೆಷಿನ್ ಇತ್ತು. ಒಂದು ಎಚ್‌ಪಿ, ಸಿಂಗಲ್ ಫೇಸ್. ಬಿಂದುಶ್ರೀ ಸ್ವಿಚ್ ಹಾಕುವ ಮುಂಚೆ ಕೈಯಲ್ಲೇ ಬೆಲ್ಟ್ ತಿರುಗಿಸಿದಳು. ಅದು ಪಕ್ಕಕ್ಕೆ ಜಾರಿದಾಗ ಒಂದು ತಿರುಪು ತಿರುಗಿಸಿ ನಡುವಿಗೆ ತಂದಳು. “ಈ ತಿರುಪು ಇಲ್ಲದ್ದು ತಗೊಳ್ಳಲೇಬೇಡಿ ಅಕ್ಕ. ಬೆಲ್ಟಿನ ಹಿಂದೆ ಉಕ್ಕಿನ ಹಲಗೆ ಐತಲ್ಲ, ಅದು ಸಪಾಟಾಗಿರ್ಬೇಕು, ಇಲ್ಲಾಂದ್ರೆ ಚಾಕು ಸೊಟ್ಟ. ಸ್ವಿಚ್ಚು ಕೈಗೆ ತಕ್ಷಣ ಸಿಗ್ಬೇಕು. ಗಾಲಿಗೆ ಮುಚ್ಚಳ ಇರ್ಬೇಕು. ಇದರಲ್ಲಿ ವೇಗ ಕಮ್ಮಿ ಮಾಡೋಕೆ ಎರಡು ಅಳತೆಯ ಪುಲ್ಲಿ ಗಾಲಿ ಬೇರೆ ಇದೆ. ಕಲಿಯೋವಾಗ ನಿಧಾನದ್ದೇ ಹಾಕ್ಕೊಳ್ಳಿ.”

ಬಿಂದುಶ್ರೀ ಸ್ವಿಚ್ ಹಾಕಿ ಇಂದ್ರಮ್ಮನತ್ತ ತಿರುಗಿದಳು. “ಈಗ ಸೆರಗು ಸೊಂಟಕ್ಕೆ ಬಿಗೀರಿ. ಜಡೆ ಗಂಟು ಹಾಕಿ. ಬಳೆ ತೆಗೀರಿ.”

“ಮುತ್ತೈದೆ ಬರಿಗೈಲಿರ್ಬಾರ್ದು ಕಣಮ್ಮ!” ಪುಟ್ಟಲಿಂಗಮ್ಮ ಎದ್ದು ನಿಂತರು.

“ಅಜ್ಜಿ, ಬೆಲ್ಟಿಗೆ ಬಳೆ ಸಿಕ್ಕಿದ್ರೆ ಕೈಯನ್ನೂ ಎಳ್ಕೊಂಡ್ಬುಡ್ತದೆ. ಅದಕ್ಕೇ ಗ್ಲೌಸೂ ಹಾಕಬಾರ್ದು.”

ಪುಟ್ಟಲಿಂಗಮ್ಮ ಓಡುವ ಬೆಲ್ಟನ್ನೂ ಸೊಸೆಯ ಕೈಯನ್ನೂ ನೋಡಿದರು. “ಕೊಡಿಲ್ಲಿ,” ಅಂತ ಮಡಿಲು ಒಡ್ಡಿದರು. “ಕೈ ಇದ್ರಲ್ವೇನೇ ಬಳೆ. ತಾಳೀನ ರವಿಕೆ ಒಳಕ್ಕೆ ಹಾಕ್ಕೋ.”

ಕನ್ನಡಕ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಇಂದ್ರಮ್ಮ ಮೆಷಿನ್ ಮುಂದೆ ನಿಂತಳು. ಮನೆಯಿಂದ ತಂದಿದ್ದ ಪಟ್ಟಿಗಳಲ್ಲಿ ಒಂದನ್ನು ಬೆಲ್ಟಿಗೆ ಮೆಲ್ಲಗೆ ತಾಕಿಸಿದಳು. ಕಿಡಿ ಹಾರಿತು. ಬೆಚ್ಚಗಾಗುತ್ತಿದ್ದಂತೆ ಪಕ್ಕದ ನೀರಿನ ಡಬ್ಬಿಯಲ್ಲಿ ಅದ್ದಿದಳು. ಮತ್ತೆ ತಾಕಿಸು, ಮತ್ತೆ ಅದ್ದು. ಎರಡು ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತ ಬಂತು. ಅಂಚು ಬೆಳ್ಳಗೇ ಉಳಿದಿತ್ತು. ಮಾಸ್ಕಿನೊಳಗೆ ಅವಳು ನಗುತ್ತಿದ್ದುದು ಯಾರಿಗೂ ಕಾಣಲಿಲ್ಲ.

“ಇಷ್ಟೇನಾ?” ಅಂತ ಕೃಷ್ಣಪ್ಪ ಬೇರೊಂದು ಪಟ್ಟಿ ಹಿಡಿದು ಜೋರಾಗಿ ಒತ್ತಿದ. ನೀರಿಗೆ ಅದ್ದಲೇ ಇಲ್ಲ. ಕ್ಷಣದಲ್ಲಿ ಅಂಚು ನೀಲಿಯಾಯಿತು.

“ನವಿಲು ಬಂತು ಕಣೋ!” ಪುಟ್ಟಲಿಂಗಮ್ಮ ಚಪ್ಪಾಳೆ ತಟ್ಟಿದರು.

“ನೀಲಿ ಅಂದ್ರೆ ಹದ ಕೂತಿದ್ದಲ್ಲ ಅಣ್ಣ, ಹೋಗಿದ್ದು,” ಅಂದಳು ಬಿಂದುಶ್ರೀ. “ಉಕ್ಕು ಸುಟ್ಟು ಮೆತ್ತಗಾಯ್ತು. ಸಾಣೆ ಯಂತ್ರದಲ್ಲಿ ಆಗಿದ್ದೂ ಇದೇ.”

ಪುಟ್ಟಲಿಂಗಮ್ಮ ಚೀಲದಿಂದ ಸೌತೆಕಾಯಿ ತೆಗೆದರು. ಗಂಡನ ಅಲಗು ಸಿಪ್ಪೆಯ ಮೇಲೇ ಜಾರಿತು. ಹೆಂಡತಿಯ ಅಲಗು ಹೋಳಿನಾಚೆ ಬೆಳಕು ಕಾಣುವಷ್ಟು ತೆಳ್ಳಗೆ ಕೊಯ್ದಿತು. ಕೃಷ್ಣಪ್ಪ ಒಂದು ಹೋಳು ಬಾಯಿಗೆ ಹಾಕಿಕೊಂಡು, “ಸರಿ, ನಾನು ಸೋತೆ. ಆನೆ ಬೇಡ, ಇದನ್ನೇ ಮನೆಗೆ ತರೋಣ,” ಅಂತ ಜೋರಾಗಿ ನಕ್ಕ. ವರ್ಕ್‌ಶಾಪಿನ ಕೆಲಸದವರಿಗೂ ಉಪ್ಪು ಖಾರ ಹಚ್ಚಿದ ಹೋಳು ಸಿಕ್ಕಿತು.

ಹೊರಡುವಾಗ ವರ್ಕ್‌ಶಾಪಿನವರು ಕೇಳಿದರು, “ಸ್ಟ್ಯಾಂಡ್ ನಾಳೆ ಬೆಸೀತೀವಿ. ಎತ್ತರ ಎಷ್ಟು? ಕೆಲಸ ಮಾಡೋರ ಮೊಣಕೈ ಮಟ್ಟಕ್ಕೆ ಇರ್ಬೇಕು.”

“ನನ್ನ ಮೊಣಕೈ ಮಟ್ಟಕ್ಕೆ ಮಾಡಿ,” ಅಂದ ಕೃಷ್ಣಪ್ಪ ತಟ್ಟನೆ. ಅವನು ಇಂದ್ರಮ್ಮನಿಗಿಂತ ಒಂದು ಗೇಣು ಎತ್ತರ. ಇಂದ್ರಮ್ಮ ಅತ್ತೆಯ ಮಡಿಲಿಂದ ಬಳೆ ತೆಗೆದು ತೊಟ್ಟುಕೊಳ್ಳುತ್ತಿದ್ದಳು. ಅವನ ಮೊಣಕೈಯನ್ನೊಮ್ಮೆ, ತನ್ನದನ್ನೊಮ್ಮೆ ನೋಡಿದಳು.

ಚಾಕು ಕೆಲಸ ಹೊಸದಾಗಿ ಹಿಡಿದಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅಗ್ಗ ಅಂತಲೋ ದೊಡ್ಡದು ಅಂತಲೋ ಮೆಷಿನ್ ತರಬೇಡಿ. ನಿಮ್ಮ ಮನೆಯ ಕರೆಂಟಿಗೆ ನಡೆಯುತ್ತದೆಯೇ, ಬೆಲ್ಟ್ ನಿಮ್ಮೂರಲ್ಲೇ ಸಿಗುತ್ತದೆಯೇ, ವೇಗ ತಗ್ಗಿಸಬಹುದೇ ಎಂದು ಕೇಳಿ. ಕೊಳ್ಳುವ ಮುಂಚೆ ನಿಮ್ಮ ಕೈಯಲ್ಲೇ ಉಜ್ಜಿ ನೋಡಿ. ನೀರು ಪಕ್ಕದಲ್ಲಿರಲಿ. ಮರದ ಹಿಡಿ ಉಜ್ಜಿದ ಪುಡಿಯನ್ನು ಗುಡಿಸದೆ ಉಕ್ಕು ಉಜ್ಜಬೇಡಿ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಕಣ್ಣು, ಮೂಗು, ಸೆರಗು, ಬಳೆ, ಇವುಗಳ ನೆನಪು ಪ್ರತಿ ಸಲವೂ ಇರಲಿ. ತಿಳಿದವರನ್ನು ಕೇಳಲು ನಾಚಿಕೆ ಬೇಡ.

ಇಂದ್ರಮ್ಮನ ಬಗ್ಗೆ ಇನ್ನೊಂದು ಮಾತಿದೆ. ಸೋಮವಾರ ಬೆಳಿಗ್ಗೆ ಕೃಷ್ಣಪ್ಪ ಮಿಲ್ಲಿಗೆ ಹೋದ. ಅತ್ತೆ ಬಿಸಿಲು ಕಾಯಿಸುತ್ತ ಜಗುಲಿಯಲ್ಲಿದ್ದರು. ಇಂದ್ರಮ್ಮ ಹೂ ಕಟ್ಟುವ ನೂಲಿನ ಉಂಡೆ ತಂದು, ಒಂದು ತುದಿಯನ್ನು ಕಾಲಬೆರಳಿಂದ ನೆಲಕ್ಕೆ ಒತ್ತಿ ಹಿಡಿದಳು. ನೂಲನ್ನು ನೇರವಾಗಿ ಮೇಲಕ್ಕೆಳೆದು ತನ್ನ ಮೊಣಕೈ ಬಳಿ ಗಂಟು ಹಾಕಿದಳು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೇ?” ಅಂದರು ಅತ್ತೆ.

“ಸೊಪ್ಪು ತತ್ತೀನಿ ಅತ್ತೆ,” ಅಂದು ವರ್ಕ್‌ಶಾಪಿನ ದಾರಿ ಹಿಡಿದಳು.