ಗಫಾರ್ ಸಾಬರ ಪಕ್ಕದ ಸೀಟು

ನಮ್ಮ ಮಳವಳ್ಳಿ–ಮದ್ದೂರು ಬಸ್ಸಿನ ಡ್ರೈವರ್ ಗಫಾರ್ ಸಾಬರ ಎಡಗಣ್ಣಿಗೆ ಪೊರೆ ಬಂದಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವಂತೆ. ಮೂಗಿನ ಮುಂದಿನ ಗಾಡಿಯೂ ಮದ್ದೂರಿನಲ್ಲಿದ್ದ ಹಾಗೆ ಕಾಣುತ್ತಿತ್ತಂತೆ. ಅದಕ್ಕೇ ವೀಳ್ಯದೆಲೆ ಮಾರಲು ಹೋಗುವ ನನಗೆ ದಿನಾ ಅವರ ಪಕ್ಕದ ಸೀಟು. "ಒಸಿ ತಡೀರಿ ಸಾಬ್ರೇ, ಗಾಡಿ ಹತ್ರ ಬಂತು" ಅನ್ನುವುದು ನನ್ನ ಕೆಲಸ. ಬಸ್ಸಿನವರಿಗೆಲ್ಲ ಇದು ಗೊತ್ತು, ಯಜಮಾನ ಲಿಂಗಯ್ಯನಿಗೆ ಮಾತ್ರ ಗೊತ್ತಿಲ್ಲ. ಡ್ರೈವರ್ ಕೆಲಸ ಹೋದರೆ ಸಾಬರ ಮನೆ ಒಲೆ ಉರಿಯುವುದಿಲ್ಲ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ಯಾವನೋ ಚಾಡಿಕೋರ ಯಜಮಾನನ ಕಿವಿ ಊದಿದ. ಒಂದು ಬೆಳಗ್ಗೆ ಯಜಮಾನ ಜರಿ ಪೇಟ ಸುತ್ತಿಕೊಂಡು ಬಂದೇಬಿಟ್ಟ.

"ಏಳು ಚಿಕ್ಕನಂಜಮ್ಮ, ಇಂದಕ್ಕೋಗು. ಇವನ ಕಣ್ಣ ಇವತ್ತು ನಾನೇ ನೋಡ್ತೀನಿ. ಕಾಣದಿದ್ರೆ ಇವತ್ತೇ ಮನೆಗೆ!"

ಸಾಬರ ಮುಖ ಬಿಳಿಚಿಕೊಂಡಿತು. ನಾನು ಹಿಂದೆ ಕೂತು ಮುತ್ತತ್ತಿರಾಯನಿಗೆ ಹರಕೆ ಕಟ್ಟಿಕೊಂಡೆ. ಇನ್ನೇನು ಮಾಡಲಿ, ನನ್ನ ಕರ್ಮ!

ಬಸ್ಸಿನ ಯಜಮಾನನಂತೆ, ಪುಣ್ಯಾತ್ಮ ಒಂದು ದಿನವೂ ಮುಂದೆ ಕೂತವನಲ್ಲ. ಅಲ್ಲಿ ಕೂತರೆ ಬಸ್ಸು ಹೋಗುತ್ತಿದೆ ಅನ್ನಿಸುವುದಿಲ್ಲ, ರಸ್ತೆಯೇ ಎದ್ದು ಮೈಮೇಲೆ ಬರುತ್ತದೆ. ಯುದ್ಧಕಾಲದ, ಇದ್ದಿಲು ಉರಿಸಿ ಓಡಿಸುವ ಬಸ್ಸು, ಅದರ ಆಮೆ ಓಟವೋ ದೇವರಿಗೇ ಪ್ರೀತಿ. ಆದರೂ ಊರು ದಾಟುವ ಮೊದಲೇ ಯಜಮಾನನ ಕೂಗು ಶುರುವಾಯಿತು.

"ಲೇ ಗಫಾರಾ, ಮರ ಬಂತು! ಬಲಕ್ಕೆ ತಿರುಗ್ಸಲಾ! ಗಾಡಿ, ಗಾಡಿ ಕಣ್ಲಾ! ಅಯ್ಯಯ್ಯೋ, ಎಮ್ಮೆ!"

ಸಾಬರು ಅವನ ಬೊಬ್ಬೆ ಕೇಳಿಕೊಂಡೇ ಹೂ ಎತ್ತಿದ ಹಾಗೆ ಬಸ್ಸನ್ನು ಮದ್ದೂರು ಮುಟ್ಟಿಸಿದರು. ನಾನಾದರೂ ಎಮ್ಮೆಗೆಲ್ಲ ಕೂಗುತ್ತಿರಲಿಲ್ಲ.

ಯಜಮಾನ ನಡುಗುತ್ತ ಇಳಿದು, ಸಂತೆಯವರೆಲ್ಲರ ಮುಂದೆ ತೀರ್ಪು ಕೊಟ್ಟ: "ಇವನದು ಅದ್ದಿನ ಕಣ್ಣು ಕಣ್ರಯ್ಯಾ! ಆದ್ರೆ ಆ ಮುಂದಿನ ಸೀಟು ಬಲು ಅಪಾಯ. ನಾಳೆಯಿಂದ ಅಲ್ಲಿ ಯಾರೂ ಕೂರಕೂಡ್ದು."

ಮಾರನೆಯ ದಿನ ಪಕ್ಕದ ಸೀಟು ಖಾಲಿ. ಕಾಳಮುದ್ದನದೊಡ್ಡಿ ದಾಟುತ್ತಲೇ ಬಸ್ಸು ಹೋಗಿ ಕಬ್ಬಿನ ಗಾಡಿಯೊಂದರ ಹಿಂಬದಿಗೆ ಗುದ್ದಿತು. ನಮ್ಮ ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಗಾಜು ಒಡೆದು ಕಬ್ಬಿನ ಜಲ್ಲೆಗಳು ಖಾಲಿ ಸೀಟಿನ ಮೇಲೆ ಬಂದು ಬಿದ್ದವು. ಗಾಡಿಯೂ ಲಿಂಗಯ್ಯನದೇ.

ಸುದ್ದಿ ಕೇಳಿ ಓಡಿ ಬಂದ. "ತಪ್ಪು ನಂದೇ ಯಜಮಾನ್ರೇ" ಎಂದು ಸಾಬರು ತಲೆ ತಗ್ಗಿಸಿ ನಿಂತರು. ಊರೆಲ್ಲ ನೋಡುತ್ತಿತ್ತು. ಹದ್ದಿನ ಕಣ್ಣು ಎಂದ ಬಾಯಿ ಅದು, ಈಗ ನುಂಗುವಂತಿಲ್ಲ, ಉಗುಳುವಂತಿಲ್ಲ. ಯಜಮಾನ, ಬಸ್ಸಿಗೆ ಬೆನ್ನು ಹಾಕಿ ನಿಂತಿದ್ದ ಗಾಡಿಯ ಎತ್ತುಗಳನ್ನು ಒಮ್ಮೆ ದುರುಗುಟ್ಟಿ ನೋಡಿ, ನನ್ನ ಕಡೆ ತಿರುಗಿದ.

"ಚಿಕ್ಕನಂಜಮ್ಮ, ನಾಳೆಯಿಂದ ನೀನು ಮುಂದ್ಗಡೆನೇ ಕೂತ್ಕೊ. ನನ್ ಎತ್ಗಳಿಗೆ ಕಣ್ ಕಾಣಲ್ಲ ಕಣಮ್ಮ."