ಹೊಳೆಪ್ಪನ ಖಾಕಿ ಕೋಟು

"ಅದೊಂದ ಹಾಕಬ್ಯಾಡಬೇ ಮಲ್ಲಕ್ಕಾ. ನಾಕ ಊರಿನ ಮಂದಿ ಬಂದಾರ," ಎಂದು ರೇವವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮಲ್ಲಕ್ಕ ಕೇಳಲಿಲ್ಲ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಗಂಡನ ಹೆಣದ ಬೆನ್ನ ಹಿಂದೆ ಖಾಕಿ ಕೋಟು ತೂರಿಸಿ ಹೆಗಲ ಮೇಲೆ ಹೊದಿಸಿದಳು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಮೈಗೆ ಹುಲ್ಲು, ಹಾಲು, ಹಿಕ್ಕೆ ಎಲ್ಲ ಕೂಡಿ ನಾರುವ ಕೋಟು. ಈಗ ಅವನು ಶಲವಡಿಯ ಮಂದಿ ಬಲ್ಲ ಝೂ ಹೊಳೆಪ್ಪನಂತೆಯೇ ಕಂಡ.

"ಮದವಿ ಆದಾಗಿಂದ ನೋಡೀನಿ, ಇದನ್ನ ಬಿಟ್ಟ ಒಂದಿನ ಇದ್ದವರಲ್ಲ. ಜೋಡಿಲೇನ ಮಣ್ಣಿಗೆ ಹೋಗಲಿ," ಎಂದಳು.

ರೇವವ್ವ ಹೊಳೆಪ್ಪನ ಅಕ್ಕ; ರೀತಿ ರಿವಾಜಿನಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವವಳಲ್ಲ. "ಹಾಕು ಹಂಗಾರ. ಆದರ ಹೆಣಕ್ಕ ಹಾಕಿದ್ದು ಹೆಣದ್ದ. ಮತ್ತ ತಗ್ಯಾಕ ಬರೂದಿಲ್ಲ, ನೋಡು."

"ಯಾರ ತಗೀತಾರಬೇ ಯಕ್ಕಾ?"

ಅಂಗಳದಲ್ಲಿ ಭಜನೆಯವರು ತಾಳ ತಟ್ಟುತ್ತಿದ್ದರು.

*

ಮದುವೆಯಾದ ಹೊಸತು. ದೂರದ ಪಟ್ಟಣದ ಪ್ರಾಣಿಸಂಗ್ರಹಾಲಯದ ಮಗ್ಗುಲಿಗೆ ಒಂದೇ ಖೋಲಿಯ ಮನೆ. ಹೊಳೆಪ್ಪ ಅಲ್ಲಿ ಜಿಂಕೆ, ಚಿಗರಿಗಳನ್ನು ನೋಡಿಕೊಳ್ಳುವ ಆಳು. ಬೆಳಗಾದರೆ ದೊಡ್ಡಿ ಗುಡಿಸಬೇಕು, ಹುಲ್ಲು ತೂಗಿ ಹಾಕಬೇಕು, ತಬ್ಬಲಿ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಬೇಕು. "ಮೊದಲ ಹಿಕ್ಕಿ ನೋಡು, ಆಮ್ಯಾಲೆ ಮಾರಿ ನೋಡು," ಎಂಬುದು ಪ್ರಾಣಿಗಳ ಆರೋಗ್ಯದ ಬಗ್ಗೆ ಅವನ ವೇದಾಂತ. ಹೆಂಡತಿಗೆ ಅರ್ಥವಾದದ್ದು ಒಂದೇ: ಗಂಡನ ಕೋಟು ನಾರುತ್ತದೆ.

ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಕೋಟನ್ನು ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದು ಒಗೆದು, ಬಿಸಿಲಿಗೆ ಹರವಿದಳು. ಹೊಸ ಹೆಂಡತಿಯ ಕೈಗೆಲಸ ಕಾಣಲಿ ಎಂಬ ಹಮ್ಮು. ಮರುದಿನ ಹೊಳೆಪ್ಪ ಅದನ್ನು ತೊಟ್ಟು ಹೋದರೆ, ಬಾಟಲಿ ಕಂಡೊಡನೆ ಓಡಿ ಬರುತ್ತಿದ್ದ ಮರಿಗಳು ಮೂಲೆ ಹಿಡಿದು ನಡುಗಿದವು. ತಾಯಿಯಿಲ್ಲದ ಮರಿಗೆ ಸಾಕಿದವನ ವಾಸನೆಯೇ ತಾಯಿ. ಆ ತಾಯಿಯನ್ನೇ ಮಲ್ಲಕ್ಕ ಒಗೆದು ಒಣಹಾಕಿದ್ದಳು.

ಅಳುತ್ತ ಕೂತವಳಿಗೆ ಅವನು ಒಂದು ಮಾತೂ ಬಯ್ಯಲಿಲ್ಲ. ಕೋಟನ್ನು ಒಯ್ದು ಮರಿಗಳು ಮಲಗುವ ಹುಲ್ಲಿನಲ್ಲಿ ಹಾಸಿ ಬಂದ. "ಚೊಲೋ ಒಗದೀ ಬಿಡು. ಅದರ ಖರೇ ಬಣ್ಣ ನಾನೂ ನೋಡಿರಲಿಲ್ಲ," ಎಂದು ನಕ್ಕ. ಆಮೇಲೆ ಆ ಕೋಟಿಗೆ ಸೋಡಾ ತಾಗಲಿಲ್ಲ. ತೇಪೆಯ ಮೇಲೆ ತೇಪೆ ಬಿತ್ತು, ಅಷ್ಟೇ.

*

ಹೆಣ ಎತ್ತುವ ಹೊತ್ತಿಗೆ ಬಸ್ಸಿಳಿದು ಫಕ್ರುಸಾಬ ಬಂದ. ಝೂನಲ್ಲಿ ಹೊಳೆಪ್ಪನ ಕೈಕೆಳಗೆ ಕೆಲಸ ಕಲಿತವನು. ಹೊಳೆಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಮಂದಿಯಲ್ಲಿ ಕೂರದೆ ನೆಟ್ಟಗೆ ಹಿತ್ತಲಿಗೆ ನಡೆದ.

ಹಿತ್ತಲಲ್ಲಿ ಒಂದು ಚಿಗರಿ ಮರಿ ಇತ್ತು. ನಿವೃತ್ತನಾಗಿ ಊರಿಗೆ ಬಂದ ಮೇಲೂ ಹೊಳೆಪ್ಪನ ಕೆಲಸ ತಪ್ಪಿರಲಿಲ್ಲ. ಬೇಟೆ ತಡೆಯಲು ಸರಕಾರ ಹೊಸ ಕಾನೂನು ತಂದಿತ್ತು. ನಾಯಿ ಬಾಯಿಂದ ಉಳಿದ ಮರಿಗಳನ್ನು ರೈತರು ಅವನಿಗೇ ತಂದು ಒಪ್ಪಿಸುತ್ತಿದ್ದರು. ಸಾಕಿ ದೊಡ್ಡದು ಮಾಡಿ ಎರೆ ಹೊಲದ ಆಚೆ ಹಿಂಡಿಗೆ ಕೂಡಿಸಿ ಬರುತ್ತಿದ್ದ. ಕಡಲೆ ಮೇಯುವ ಚಿಗರಿಯನ್ನು ಸಾಕುವುದೇ ಎಂದು ಮೊದಮೊದಲು ರೇಗಿದವರೂ ಆಮೇಲೆ ಬಾಗಿಲಿಗೆ ಹಾಲು ತಂದಿಟ್ಟು ಹೋಗುತ್ತಿದ್ದರು.

ಫಕ್ರುಸಾಬ ಹಿಂದಿರುಗಿ ಬಂದಾಗ ಮುಖ ಸಣ್ಣದಾಗಿತ್ತು.

"ವೈನಿ, ಮರಿ ಯಾವಾಗ ಹಾಲ ಕುಡದೈತ್ರಿ? ದೊಡ್ಡ್ಯಾಗ ಒಂದ ಹಿಕ್ಕಿ ಸೈತ ಇಲ್ಲ."

ಮಲ್ಲಕ್ಕನಿಗೆ ಆಗ ನೆನಪಾಯಿತು. ನಿನ್ನೆ ಬೆಳಗ್ಗೆ ಅದಕ್ಕೆ ಹಾಲು ಕುಡಿಸಿ ಬಂದ ಹೊಳೆಪ್ಪ "ಸಂಜಿ ಹಾಲ ಕಾಸಿಡು" ಎಂದು ಗೋಡೆಗೊರಗಿದವನು ಮತ್ತೆ ಏಳಲಿಲ್ಲ. ಆಮೇಲೆ ಯಾರಿಗೆ ನೆನಪು?

"ಈಗ ಬಾಟ್ಲಿ ಹಿಡದೆ. ನನ್ನ ವಾಸನಿಗೆ ಬೆದರಿ ಗೋಡಿಗೆ ಹಾಯತೈತ್ರಿ. ಇನ್ನ ತಡಾ ಮಾಡಿದರ ಉಳ್ಯಾಂಗಿಲ್ಲ. ಅಣ್ಣನ ಕೋಟ ಎಲ್ಲೈತ್ರಿ?"

ಎಲ್ಲರ ಕಣ್ಣು ಗೋಡೆಯ ಕಡೆ ತಿರುಗಿತು. ರೇವವ್ವ ಎದ್ದು ನಿಂತಳು.

"ಹೆಣದ ಮೈಮ್ಯಾಗಿನ ಅರಿವಿ ಕಸಗೊಳ್ಳೂದು ಎಲ್ಲೆರ ಐತೇನ? ಒಂದ ಮರೀ ಸಲವಾಗಿ?"

*

ಹಿಂದೊಮ್ಮೆ ವಿಷಮಜ್ವರ ಬಂದು ಮಲ್ಲಕ್ಕ ಗುಟುಕು ನೀರೂ ಒಲ್ಲೆನೆಂದು ಹಲ್ಲು ಕಚ್ಚಿ ಮಲಗಿದ್ದ ದಿನಗಳು. ಹೊಳೆಪ್ಪ ಅರಿವೆಯ ಬತ್ತಿಯನ್ನು ಹಾಲಲ್ಲಿ ಅದ್ದಿ, ಅವಳ ತುಟಿಗೊತ್ತಿ ಹನಿಹನಿಯಾಗಿ ಇಳಿಸಿದ.

"ನಾ ಏನ ಚಿಗರಿ ಮರಿ ಏನ್ರಿ?"

"ಚಿಗರಿ ಮರಿ ನಿನಗಿಂತ ಶಾಣ್ಯಾ ಇರತಾವು. ಬಾಯಿ ತಗಿ."

ಆ ಹಾಲಿನಿಂದಲೇ ಅವಳು ಇಂದಿಗೂ ಉಸಿರಾಡುತ್ತಿದ್ದಳು.

*

ಮಲ್ಲಕ್ಕ ಗಂಡನ ಮುಂದೆ ಕುಕ್ಕರಿಸಿ ಕೂತಳು. ಜನವೆಲ್ಲ ಕೇಳುವಂತೆಯೇ ಹೇಳಿದಳು:

"ಸಂಜಿ ಹಾಲ ಕಾಸಿಡಂದಿದ್ರಿ, ನಾ ಮರತೆ. ತಪ್ಪಾತು. ಕೋಟ ಕೊಡ್ರಿ, ಕುಡಿಸಿ ಬರತೀನಿ."

ಎಳೆದರೆ ಕೋಟು ಬರಲಿಲ್ಲ. ಬೆನ್ನು ಗೋಡೆಗೆ ಬಿಗಿದು ಕೂತಿತ್ತು. ಅಳು ಬಂತು, ಆದರೂ ಕೈ ಬಿಡಲಿಲ್ಲ. ಆಗ ಹಿಂದಿನಿಂದ ರೇವವ್ವ ಬಂದಳು. ಹೂಮಾಲೆ ತೆಗೆದು ಬದಿಗಿಟ್ಟು, ತಮ್ಮನ ಎರಡೂ ಹೆಗಲು ಹಿಡಿದು ಮೆಲ್ಲಗೆ ಮುಂದಕ್ಕೆ ಬಾಗಿಸಿದಳು.

"ಸಣ್ಣಾಂವ ಇದ್ದಾಗೂ ಅಂಗಿ ತಗ್ಯಾಕ ಹೋದರ ಹಿಂಗ ಬಿಗೀತಿದ್ದ," ಎಂದಳು. "ಹೂಂ, ಜಗ್ಗು."

ಮಲ್ಲಕ್ಕ ಸೀರೆಯ ಮೇಲೆ ಕೋಟು ತೊಟ್ಟಳು. ತೋಳು ಉದ್ದವಾಗಿ ಬೆರಳು ಮುಚ್ಚಿದವು. ಫಕ್ರುಸಾಬ ಬೆಚ್ಚಗಿನ ಹಾಲಿನ ಬಾಟಲಿ ಕೈಗಿಟ್ಟ. "ಸುಮ್ಮನ ಕುಂಡ್ರಿ ವೈನಿ. ಅದಽ ಬರಲಿ. ನಿಮ್ಮ ಉಪಕಾರ ಆಗತೈತಿ."

"ನನ್ನದೇನಪಾ? ನಿಮ್ಮಣ್ಣಾರ ಹೊಟ್ಟಿ ತಣ್ಣಗಿರಲಿ," ಎಂದು ಅವಳು ದೊಡ್ಡಿಯ ಹುಲ್ಲಿನ ಮೇಲೆ ಕೂತಳು.

ತಾಳದ ಸದ್ದಿಗೆ ಮರಿ ಕಿವಿ ನಿಮಿರಿಸಿ ಬೆದರಿತು. ಫಕ್ರುಸಾಬ ಹಿತ್ತಲ ಬಾಗಿಲಿಗೆ ಹೋಗಿ ಅಂಗಳದ ಕಡೆ ಕೈ ಎತ್ತಿದ, ಭಜನೆ ನಿಂತಿತು. ಮರಿ ಒಂದು ಹೆಜ್ಜೆ ಇಟ್ಟಿತು, ನಿಂತಿತು, ಮೂಸಿತು. ಆಮೇಲೆ ಓಡಿ ಬಂದು ಮಲ್ಲಕ್ಕನ ಕಂಕುಳಲ್ಲಿ ಮುಖ ತುರುಕಿತು.

ಅಂಗಳದಲ್ಲಿ ಊರಿಗೂರೇ ಹಿತ್ತಲಿನತ್ತ ಕಿವಿಗೊಟ್ಟು ನಿಂತಿತ್ತು. ತಾಳದವರು ಎತ್ತಿದ ತಾಳಗಳನ್ನು ಒಂದಕ್ಕೊಂದು ತಾಗಿಸದೆ ಹಾಗೇ ಹಿಡಿದಿದ್ದರು. ಹೊಳೆಪ್ಪ ಬರೀ ಹೆಗಲಲ್ಲಿ ಗೋಡೆಗೊರಗಿ ಕಾಯುತ್ತಿದ್ದ. ಹಿತ್ತಲಿನಿಂದ ಮರಿ ಲೊಚಲೊಚ ಹಾಲು ಚೀಪುವ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು.