ಹೆರಾಲ್ಡನ ಪಾಲಿನ ಹೂವು

ತಾಯಿಯ ಹಿತ್ತಲಲ್ಲಿ ಸೊಲಾಂಜ್ ಡೇಲಿಯಾ ಹೂಗಳನ್ನು ಕತ್ತರಿಸುತ್ತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕ ಅನ್ಸೆಲ್ಮ್ ಕೂಗಿದ.

"ಎಲ್ಲಾನೂ ಕೊಯ್ಬೇಡ ಕಣೇ. ಹೆರಾಲ್ಡ್‌ಗೆ ನಾಲ್ಕು ಬಿಡು. ನಾಳೆ ಭಾನುವಾರ."

"ಇವತ್ತು ಅಮ್ಮನ ಮಣ್ಣು, ಮಾಮ. ಇವತ್ತಾದ್ರೂ ಹೂವೆಲ್ಲ ಅವಳಿಗಿರ್ಲಿ."

ಊರಾಚೆಯ ದಿಬ್ಬದ ಮೇಲೆ, ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಬಿಳಿ ಶಿಲುಬೆಗಳಿದ್ದವು. ಭಾನುವಾರಗಳಂದು ಅವುಗಳಿಗೆ ಹೂವಿಡುವುದನ್ನು ಊರಿನ ಮನೆಗಳು ಹಂಚಿಕೊಂಡಿದ್ದವು. ಸೊಲಾಂಜ್‌ಳ ತಾಯಿ ಲಿಯೋಂತೀನ್‌ಳ ಪಾಲಿಗೆ ಬಂದವನು ಹೆರಾಲ್ಡ್ ವಿಕ್ಸ್.

ಮಣ್ಣು ಮುಗಿಸಿ ಬಂದವರು ಅಡುಗೆಮನೆಯಲ್ಲಿ ಕಾಫಿ ಹಿಡಿದು ಕೂತರು.

"ಇನ್ಮೇಲೆ ಹೆರಾಲ್ಡ್‌ನ ಯಾರು ನೋಡ್ಕೋತೀರ?" ಸೊಲಾಂಜ್ ಕೇಳಿದಳು.

"ನನ್ನ ಮಂಡಿ ದಿಬ್ಬ ಹತ್ತಲ್ಲಮ್ಮ," ಎಂದಳು ಬ್ರೆಡ್ ಅಂಗಡಿಯ ಬ್ಲಾಂದೀನ್.

"ನನಗೆ ಈಗ್ಲೇ ಇಬ್ರು," ಅನ್ಸೆಲ್ಮ್ ಗೊಣಗಿದ. "ಹೆಂಡ್ತಿ ಸಾಯುವಾಗ ಅವಳ ಪಾಲಿನ ಸೈನಿಕನನ್ನೂ ನನ್ನ ತಲೆಗೆ ಕಟ್ಟಿ ಹೋದ್ಲು. ನಿಮ್ಮಮ್ಮನಿಗಾದ್ರೆ ಮಗಳಿದ್ದಾಳೆ."

"ನಾನಿರೋದು ರುಆನ್ ಪಟ್ಟಣದಲ್ಲಿ, ಮಾಮ."

"ಅಲ್ಲಿಂದ ರೈಲು ನಿಂತುಹೋಯ್ತಾ?"

* * *

ತನಗೆ ಒಂಬತ್ತು ವರ್ಷ ತುಂಬಿದ ದಿನ ಆ ವರ್ಷದ ಮೊದಲ ಡೇಲಿಯಾ ತನಗೇ ಎಂದುಕೊಂಡಿದ್ದಳು ಸೊಲಾಂಜ್. ಅಮ್ಮ ಅದನ್ನು ದಿಬ್ಬಕ್ಕೆ ಒಯ್ದಳು. ಕಡಲ ದಂಡೆಯಿಂದ ತಂದ ಒದ್ದೆ ಮರಳನ್ನು ಶಿಲುಬೆಯ ಅಕ್ಷರಗಳಿಗೆ ಬೆರಳಿನಿಂದ ತುಂಬಿದಳು. ಬಿಳಿ ಕಲ್ಲಿನಲ್ಲಿ ಕಾಣದಿದ್ದ ಹೆಸರು ಕಂದು ಬಣ್ಣದಲ್ಲಿ ಎದ್ದು ಬಂತು.

"ಇವನು ನಿಂಗೇನಾಗಬೇಕು?" ಜೊತೆಗೆ ಬಂದಿದ್ದ ಸೊಲಾಂಜ್ ಕೇಳಿದಳು.

"ಏನೂ ಆಗಬೇಕಿಲ್ಲ. ಇವನಮ್ಮ ದೂರ ಇದ್ದಾಳೆ, ಬರಕ್ಕಾಗಲ್ಲ. ಅದಕ್ಕೆ."

* * *

ಕಾಫಿ ಮುಗಿದ ಮೇಲೆ ಸೊಲಾಂಜ್ ಬಾಗಿಲ ಬಳಿಯಿದ್ದ ಅಮ್ಮನ ಮರಳಿನ ಡಬ್ಬಿಯನ್ನೂ ಹಿತ್ತಲಲ್ಲಿ ಉಳಿದಿದ್ದ ಒಂದೇ ಡೇಲಿಯಾವನ್ನೂ ತೆಗೆದುಕೊಂಡು ದಿಬ್ಬ ಹತ್ತಿದಳು. ಅಕ್ಷರಗಳಿಗೆ ಮರಳು ಒತ್ತಿದಳು. ಅದು ಪುರಪುರನೆ ಉದುರಿತು.

"ಒಣ ಮರಳು ನಿಲ್ಲಲ್ಲ ಕಣೇ." ಏದುಸಿರು ಬಿಡುತ್ತ ಅನ್ಸೆಲ್ಮ್ ಹಿಂದೆಯೇ ಬಂದಿದ್ದ. ಕೈಯಲ್ಲಿ ನೀರಿನ ಬಾಟಲಿಯಿತ್ತು. "ಇಷ್ಟು ವರ್ಷ ನೋಡಿ ಕಲಿತದ್ದು ಇದೇನಾ?"

ಮರಳು ನೆನೆಸಿ ಒತ್ತಿದಳು. ಈ ಸಲ ಹೆಸರು ಮೂಡಿತು. ಅದರ ಬುಡದಲ್ಲಿ ಹೂವಿಟ್ಟಳು.

ಇಳಿದು ಬರುತ್ತ ಊರಿನ ಸ್ಮಶಾನಕ್ಕೆ ತಿರುಗಿದಳು. ಅಪ್ಪ ಸತ್ತಾಗಲೇ ಸಮಾಧಿಯ ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ಅಮ್ಮ ತನ್ನದನ್ನೂ ಕೆತ್ತಿಸಿದ್ದಳು. ಸಂಜೆಯ ಬೆಳಕಿಗೆ ಓದಲಾಗುತ್ತಿರಲಿಲ್ಲ. ಸೊಲಾಂಜ್ ಹೂಗಳನ್ನು ಸರಿಸಿ ಮಂಡಿಯೂರಿ, ಉಳಿದ ಮರಳನ್ನೆಲ್ಲ ಒಂದೊಂದೇ ಅಕ್ಷರಕ್ಕೆ ತುಂಬಿದಳು.

"ಮಳೆ ಬಂದ್ರೆ ತೊಳೆದುಹೋಗತ್ತೆ," ಎಂದ ಅನ್ಸೆಲ್ಮ್.

"ಗೊತ್ತು, ಮಾಮ."

ಎದ್ದು ನಿಂತು, ಮಣ್ಣಿಗೆಂದು ಕೊಂಡಿದ್ದ ಕಪ್ಪು ಬೂಟುಗಳನ್ನು ಕಳಚಿ ಅವನ ಕೈಗಿಟ್ಟಳು. ಖಾಲಿ ಡಬ್ಬಿ ಹಿಡಿದು ಬರಿಗಾಲಲ್ಲಿ ಕಡಲ ಕಡೆ ನಡೆದಳು.